ಐಜಿಜಿ ಪಾಸಿಟಿವ್, ಕತ್ತಲ್ಲಿ ಗಂಟು: ಕ್ಯಾನ್ಸರಾ ಡಾಕ್ಟ್ರೇ?

ಪ್ರಶ್ನೆ (ಡೊಂಬಿವಲಿಯ ಒಬ್ಬ ತಾಯಿ): ನಮಸ್ಕಾರ ಡಾಕ್ಟ್ರೇ. ಮಗನಿಗೆ ನಾಲ್ಕೂವರೆ ವರ್ಷ. ವಿಸ್ಕಾಟ್-ಆಲ್ಡ್ರಿಚ್ (ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ, ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್ ಎರಡೂ ಕಮ್ಮಿ ಇರೋ ಕಾಯಿಲೆ) ಅಂತ ಗೊತ್ತಾಗಿ ಎರಡು ವರ್ಷ ಆಯ್ತು, ತಿಂಗಳಿಗೊಮ್ಮೆ ಐವಿಐಜಿ (ಪ್ರತಿಕಾಯದ ಡ್ರಿಪ್) ಹಾಕಿಸ್ತೀವಿ. ಒಂದು ತಿಂಗಳಿಂದ ಕತ್ತಿನ ಬಲಗಡೆ ಗಂಟು. ಮೊದಲು ಕಡಲೆಕಾಳಿನಷ್ಟಿತ್ತು, ಈಗ ನೆಲ್ಲಿಕಾಯಿಯಷ್ಟು. ನೋವಿಲ್ಲ, ಆದ್ರೆ ರಾತ್ರಿ ಬನಿಯನ್ ಹಿಂಡುವಷ್ಟು ಬೆವರ್ತಾನೆ. ಹತ್ತಿರದ ಕ್ಲಿನಿಕ್‌ನಲ್ಲಿ ಟಿಬಿ ಇರಬಹುದು, ಮಾತ್ರೆ ಶುರು ಮಾಡೋಣ ಅಂದ್ರು. ಇಬಿವಿ (ಎಪ್‌ಸ್ಟೀನ್-ಬಾರ್ ವೈರಸ್) ಐಜಿಜಿ, ಅಂದ್ರೆ ಆ ವೈರಸ್ ವಿರುದ್ಧದ ಪ್ರತಿಕಾಯ, ಪಾಸಿಟಿವ್ ಬಂದಿದೆ. ನನ್ನ ತಮ್ಮನೂ ಚಿಕ್ಕಂದಿನಲ್ಲೇ ರಕ್ತ ಹೋಗಿ ತೀರಿಕೊಂಡಿದ್ದ. ಕೈಕಾಲೇ ಆಡ್ತಿಲ್ಲ.

ಉತ್ತರ (ಮಕ್ಕಳ ರಕ್ತರೋಗ ತಜ್ಞೆ, ಪರೇಲ್): ಆ ಐಜಿಜಿ ರಿಪೋರ್ಟನ್ನು ಮೊದಲು ಪಕ್ಕಕ್ಕಿಡಿ ಅಮ್ಮಾ. ಐವಿಐಜಿ ಬಾಟಲಿಯಲ್ಲಿರೋದು ಸಾವಿರಾರು ದಾನಿಗಳ ಪ್ರತಿಕಾಯ. ದೊಡ್ಡವರಲ್ಲಿ 90%ಗೂ ಹೆಚ್ಚು ಮಂದಿಗೆ ಇಬಿವಿ ಎಂದೋ ತಗುಲಿರುತ್ತೆ. ಪಾಸಿಟಿವ್ ಬಂದದ್ದು ಮಗನದ್ದೋ ದಾನಿಗಳದ್ದೋ ಅದರಿಂದ ತಿಳಿಯಲ್ಲ. ಬೇಕಾದ್ದು ರಕ್ತದಲ್ಲಿ ವೈರಸ್ಸೇ ಇದೆಯಾ ಅಂತ ಹುಡುಕುವ ಇಬಿವಿ ಡಿಎನ್‌ಎ ಪಿಸಿಆರ್.

ಗಂಟಿನ ವಿಷಯದಲ್ಲಿ ಮಾತ್ರ ಕಾಯಬೇಡಿ. ಈ ವೈರಸ್ ನಮ್ಮ ಮುಂಬಯಿಯ ಪಗಡಿ ಬಾಡಿಗೆದಾರನ ಹಾಗೆ, ರಕ್ತದ ಬಿಳಿ ಕಣಗಳಲ್ಲೊಂದಾದ ಬಿ ಕಣದೊಳಗೆ ಒಮ್ಮೆ ಹೊಕ್ಕರೆ ಜನ್ಮಪೂರ್ತಿ ಖಾಲಿ ಮಾಡಲ್ಲ. ನಮ್ಮಲ್ಲಿ ಇನ್ನೊಂದು ಬಗೆಯ ಬಿಳಿ ಕಣಗಳಾದ ಟಿ ಕಣಗಳು ಅದನ್ನು ಹದ್ದುಬಸ್ತಿನಲ್ಲಿಡುತ್ತವೆ. ನಿಮ್ಮ ಮಗನಲ್ಲಿ ಆ ಕಾವಲೇ ದುರ್ಬಲ, ಹಾಗಾಗಿ ಬಿ ಕಣಗಳು ಲಂಗುಲಗಾಮಿಲ್ಲದೆ ಬೆಳೆದು ಲಿಂಫೋಮಾ, ಅಂದ್ರೆ ದುಗ್ಧಗ್ರಂಥಿಯ ಕ್ಯಾನ್ಸರ್, ಆಗಬಹುದು. ಟಿಬಿಯೂ ಇರಬಹುದು, ಅಲ್ಲಗಳೆಯಲ್ಲ. ಆದರೆ ಊಹೆ ಮೇಲೆ ಮಾತ್ರೆ ಶುರು ಮಾಡಿದ್ರೆ ತಿಂಗಳುಗಳು ಕಳೆದುಹೋಗ್ತವೆ. ಸ್ಟಿರಾಯ್ಡ್ ಅಂತೂ ಬಯಾಪ್ಸಿಗೆ ಮುಂಚೆ ಬೇಡವೇ ಬೇಡ. ಗಂಟು ಕರಗಿದಂತೆ ಕಾಣುತ್ತೆ, ರೋಗ ಅಡಗಿ ಕೂತಿರುತ್ತೆ.

ತಾಯಿ: ಸೂಜಿ ಚುಚ್ಚಿ ನೋಡಿದ್ರೆ ಸಾಲದಾ? ಪ್ಲೇಟ್‌ಲೆಟ್ 18 ಸಾವಿರ ಇದೆ, ಆಪರೇಷನ್ ಅಂದ್ರೆ ಭಯ.

ತಜ್ಞೆ: ಸಾಲದು. ಸೂಜಿಯಲ್ಲಿ ಬರೋದು ನಾಲ್ಕು ಕಣ. ಆಗುವ ಹಾಗಿದ್ರೆ ಗಂಟನ್ನು ಇಡಿಯಾಗಿ ತೆಗೆದು ನೋಡಬೇಕು, ಒಳಗೆ ಇಬಿವಿ ಇದೆಯಾ ಅಂತ ವಿಶೇಷ ಬಣ್ಣ ಹಾಕಿ ಹುಡುಕಬೇಕು, ಒಂದು ತುಣುಕನ್ನು ಟಿಬಿ ಪರೀಕ್ಷೆಗೂ ಕಳಿಸಬೇಕು. ಪ್ಲೇಟ್‌ಲೆಟ್ ಏರಿಸಿಯೇ ಕೈಹಾಕ್ತಾರೆ. ಆ ಪ್ಲೇಟ್‌ಲೆಟ್ ಇರ‍್ರೇಡಿಯೇಟ್ ಮಾಡಿದ್ದೇ (ವಿಕಿರಣ ಹಾಯಿಸಿ ದಾನಿಯ ಬಿಳಿ ಕಣಗಳನ್ನು ಅಡಗಿಸಿದ್ದೇ) ಆಗಿರಬೇಕು ಅಂತ ನೀವೇ ಬಾಯಿಬಿಟ್ಟು ಕೇಳಿ.

ಲಿಂಫೋಮಾನೇ ಅಂತಾದ್ರೆ ಕೀಮೋ, ಜೊತೆಗೆ ಬಿ ಕಣಗಳನ್ನು ಹೊಡೆಯುವ ರಿಟುಕ್ಸಿಮ್ಯಾಬ್. ಗಡ್ಡೆ ಹೋದರೂ ಮೂಲ ದೋಷ ಉಳಿಯುತ್ತಲ್ಲ, ಅದಕ್ಕೆ ಅಸ್ಥಿಮಜ್ಜೆ ಕಸಿ.

ಇನ್ನೊಬ್ಬರು (ಠಾಣೆ): ಅಜ್ಜಿ ಮುತ್ತು ಕೊಟ್ಟಿದ್ದರಿಂದ ಈ ವೈರಸ್ ಬಂತು ಅಂತ ಮನೇಲಿ ಜಗಳ ಆಗುತ್ತೆ ಡಾಕ್ಟ್ರೇ, ನಿಜವಾ?

ತಜ್ಞೆ: ಎಂಜಲಿನಿಂದ ಹರಡೋದು ನಿಜ. ಯಾರಿಂದ ಬಂತು ಅಂತ ಹುಡುಕೋದು ದಂಡ. ಅಜ್ಜಿಯನ್ನು ಬಿಟ್ಟುಬಿಡಿ ಪಾಪ.

ತಾಯಿ: ಮುಂದಿನ ವಾರ ಫೈಲ್ ತಗೊಂಡು ಹೋಗ್ತೀವಿ.

ತಜ್ಞೆ: ಮುಂದಿನ ವಾರ ಯಾಕೆ? ಐವಿಐಜಿ ಹಾಕುವ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್ ಇರುವ ಸಿರಪ್ಪನ್ನೇ ಕೊಡಿ. ಸಿರಪ್ ಬಾಟಲಿ ತಿರುಗಿಸಿ ಓದಿ, ಐಬುಪ್ರೊಫೆನ್ ಬೆರೆಸಿದ್ದಿದ್ರೆ ಬೇಡ, ಇರುವ ಪ್ಲೇಟ್‌ಲೆಟ್ಟೂ ಕೆಲಸ ಮಾಡಲ್ಲ.