ಆಟೋಮ್ಯಾಟಿಕ್ ವಾಚ್ ಕಟ್ಟಿಕೊಂಡೇ ಮಲಗಬಹುದಾ?

ಎರಡೂವರೆ_ಗಂಟೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಂಟು ವರ್ಷ ದುಡ್ಡು ಕೂಡಿಟ್ಟು ಹೋದ ತಿಂಗಳು ಒಮೆಗಾ ಸೀಮಾಸ್ಟರ್ ಡೈವರ್ 300 ತಗೊಂಡೆ. ನೀಲಿ ಡಯಲ್, ಸ್ಟೀಲ್ ಬ್ರೇಸ್ಲೆಟ್. ಆವತ್ತಿನಿಂದ ಸ್ನಾನಕ್ಕೆ ಬಿಟ್ಟರೆ ಕೈಯಿಂದ ಬಿಚ್ಚಿಲ್ಲ, ರಾತ್ರಿಯೂ ಕಟ್ಟಿಕೊಂಡೇ ಮಲಗುತ್ತೇನೆ. ಅದಕ್ಕೆ ಕಾರಣ ಇದೆ. ಅಪ್ಪನಿಗೆ ರಾತ್ರಿ ಎರಡೂವರೆಗೆ ಒಂದು ಮಾತ್ರೆ ಕೊಡಬೇಕು. ಫೋನ್ ಎತ್ತಿ ನೋಡಿದರೆ ಬೆಳಕು ಕಣ್ಣಿಗೆ ಹೊಡೆಯುತ್ತೆ, ಆಮೇಲೆ ನನಗೆ ನಿದ್ದೆ ಹತ್ತಲ್ಲ. ಕತ್ತಲಲ್ಲಿ ಕೈ ಹೊರಳಿಸಿದರೆ ನಿಮಿಷದ ಮುಳ್ಳು ಹಸಿರಾಗಿ, ಗಂಟೆಯ ಮುಳ್ಳು ನೀಲಿಯಾಗಿ ಹೊಳೀತಿರುತ್ತೆ, ಒಂದು ಕ್ಷಣ ಸಾಕು.

ಆದರೆ ಆಫೀಸಿನ ಗೆಳೆಯ ಇಷ್ಟು ದುಬಾರಿ ವಾಚನ್ನು ಹಾಸಿಗೆಗೆ ತಗೊಂಡು ಹೋಗಬೇಡ ಅಂತಾನೆ. ಭಾವ ನೋಡಿದರೆ ಆಟೋಮ್ಯಾಟಿಕ್ ವಾಚ್ (ಕೈ ಆಡಿದ ಹಾಗೆ ತಾನೇ ಕೀ ತುಂಬಿಕೊಳ್ಳೋದು) ನಿಂತರೆ ಕೆಡುತ್ತೆ, ಕೈಯಲ್ಲೇ ಇರಲಿ ಅಂತಾರೆ. ಯಾವುದು ಸರಿ? ಈಗ ಒಂದು ವಾರದಿಂದ ಮಣಿಕಟ್ಟಿನ ಕೆಳಗೆ ಕೆಂಪಗೆ ತುರಿಕೆ ಬೇರೆ ಶುರುವಾಗಿದೆ.

ಕೀ_ಕೊಡುವವ:

ಮೊದಲು ನಿಂತರೆ ಕೆಡುತ್ತೆ ಅನ್ನೋದನ್ನ ಮನಸ್ಸಿನಿಂದ ತೆಗೆದುಬಿಡಿ. ವಾಚ್ ನಿಂತರೆ ನಿಲ್ಲುತ್ತೆ, ಅಷ್ಟೇ. ಮತ್ತೆ ಕೀ ಕೊಟ್ಟು ಟೈಮ್ ಸರಿ ಮಾಡಿದರೆ ಮುಗೀತು. ನಿಮ್ಮ ವಾಚಿನ ಒಳಗಿರೋ ಮಷಿನ್ 8800 ಕ್ಯಾಲಿಬರ್. ಪೂರ್ತಿ ಕೀ ಇದ್ದರೆ 55 ಗಂಟೆ ಓಡುತ್ತೆ. ಶುಕ್ರವಾರ ರಾತ್ರಿ ಹತ್ತಕ್ಕೆ ಬಿಚ್ಚಿಟ್ಟರೂ ಭಾನುವಾರ ರಾತ್ರಿವರೆಗೆ ನಡೀತಾ ಇರುತ್ತೆ, ಇನ್ನು ಒಂದು ರಾತ್ರಿ ಏನು ಲೆಕ್ಕ? ನಿದ್ದೆಯಲ್ಲಿ ಕೈ ಆಡೋದೇ ಕಡಿಮೆ, ಕೀ ತುಂಬೋ ಒಳಗಿನ ರೋಟರ್ ತಿರುಗೋದೂ ಕಡಿಮೆ. ಹಾಗಾಗಿ ಕೀ ತುಂಬಲಿ ಅಂತ ಕಟ್ಟಿಕೊಂಡು ಮಲಗೋದರಲ್ಲಿ ಏನೂ ಲಾಭ ಇಲ್ಲ. ಅದೇ ರೀತಿ ಮಲಗಿದರೆ ಮಷಿನ್ನಿಗೆ ನಷ್ಟವೂ ಇಲ್ಲ. ನೀರೊಳಗೆ 300 ಮೀಟರ್ ಇಳಿಯೋಕೆ ಮಾಡಿದ ವಾಚು ಅದು, ದಿಂಬು ಏನು ಮಾಡುತ್ತೆ.

ಬಿಚ್ಚಿದ ಮೇಲೆ ಎಲ್ಲಿ ಇಡುತ್ತೀರಿ ಅನ್ನೋದರ ಬಗ್ಗೆ ಮಾತ್ರ ಒಂದು ವಿಷಯ ಹೇಳಲೇಬೇಕು. ನಮ್ಮ ತಂದೆ ಅವೆನ್ಯೂ ರೋಡ್ ಹತ್ತಿರ ವಾಚ್ ರಿಪೇರಿ ಮಾಡುತ್ತಿದ್ದರು. ಒಮ್ಮೆ ಒಬ್ಬರು ಎಚ್‌ಎಂಟಿ ಜನತಾ ತಂದು, ದಿನಕ್ಕೆ ಹತ್ತು ನಿಮಿಷ ಮುಂದೆ ಓಡುತ್ತೆ, ಎರಡು ಕಡೆ ತೋರಿಸಿದೆ, ಸರಿ ಹೋಗಲಿಲ್ಲ ಅಂದರು. ಅಪ್ಪ ಹಿಂದಿನ ಮುಚ್ಚಳ ತೆಗೆಯಲೇ ಇಲ್ಲ. ಡ್ರಾಯರಿನಿಂದ ಗುಂಡಿಯಷ್ಟು ಚಿಕ್ಕ ದಿಕ್ಸೂಚಿ ತೆಗೆದು ವಾಚಿನ ಗಾಜಿನ ಮೇಲೆ ಇಟ್ಟರು. ಅದರ ಮುಳ್ಳು ಟಿಕ್ ಟಿಕ್ ಜೊತೆಗೇ ನಡುಗೋಕೆ ಶುರುವಾಯಿತು. ರಾತ್ರಿ ಎಲ್ಲಿಡ್ತೀರಿ ಅಂತ ಕೇಳಿದರು. ರೇಡಿಯೋ ಮೇಲೆ, ಅಂದರು ಅವರು. ಸ್ಪೀಕರಿನ ಅಯಸ್ಕಾಂತದಿಂದ, ವಾಚಿನ ವೇಗ ಹಿಡಿದಿಡೋ ಸಣ್ಣ ಸುರುಳಿ ಅಂದರೆ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸುತ್ತು ಅಂಟಿದರೆ ಸ್ಪ್ರಿಂಗ್ ಗಿಡ್ಡ ಆದ ಹಾಗೆ, ಅದಕ್ಕೇ ವಾಚ್ ಮುಂದೆ ಓಡೋದು. ಅಪ್ಪ ಅಯಸ್ಕಾಂತದ ಗುಣ ತೆಗೆಯೋ ಕರೆಂಟ್ ಕಾಯಿಲ್ ಒಳಗೆ ವಾಚ್ ಹಿಡಿದು ನಿಧಾನಕ್ಕೆ ಹೊರಗೆ ಎಳೆದರು, ಎರಡೇ ನಿಮಿಷದ ಕೆಲಸ.

ನಿಮ್ಮ ಒಮೆಗಾ ಅಯಸ್ಕಾಂತದ ಬಲವನ್ನ 15,000 ಗಾಸ್‌ವರೆಗೂ ತಡೆಯುತ್ತೆ, ನಿಮಗೆ ಈ ಚಿಂತೆ ಬೇಡ. ಆದರೆ ಇದನ್ನ ಓದುತ್ತಿರೋ ಬೇರೆಯವರು, ಅದರಲ್ಲೂ ಹಳೇ ಆಟೋಮ್ಯಾಟಿಕ್ ಇರೋರು, ರಾತ್ರಿ ಫೋನ್ ಪಕ್ಕ, ಬ್ಲೂಟೂತ್ ಸ್ಪೀಕರ್ ಮೇಲೆ, ಅಯಸ್ಕಾಂತ ಇರೋ ಚಾರ್ಜರ್ ಹತ್ತಿರ ದಯವಿಟ್ಟು ಇಡಬೇಡಿ.

ಮೈಸೂರು_ಅಮ್ಮ:

ಮಷಿನ್ ವಿಷಯ ಅವರು ಹೇಳಿದ್ದಾರೆ, ನಾನು ಕೈ ವಿಷಯ ಹೇಳ್ತೀನಿ. ನಮ್ಮ ಮನೆಯವರೂ ಹೀಗೇ ದಪ್ಪ ಸ್ಟೀಲ್ ವಾಚ್ ಕಟ್ಟಿಕೊಂಡು ಮಲಗುತ್ತಿದ್ದರು. ಒಂದು ರಾತ್ರಿ ನನ್ನ ಕರಿಮಣಿ ಸರ ಬ್ರೇಸ್ಲೆಟ್ ಸಂದಿಗೆ ಸಿಕ್ಕಿ ಕಿತ್ತುಹೋಯಿತು, ಮಣಿಗಳೆಲ್ಲ ಹಾಸಿಗೆ ತುಂಬ. ಅದಾದರೂ ಹೋಗಲಿ. ಮಗಳಿಗೆ ಏಳು ತಿಂಗಳು ಇದ್ದಾಗ ಪಕ್ಕದಲ್ಲಿ ಮಲಗಿಸಿಕೊಂಡಿದ್ದರು, ಬೆಳಗ್ಗೆ ನೋಡಿದರೆ ಮಗುವಿನ ಕೆನ್ನೆ ಮೇಲೆ ಉದ್ದಕ್ಕೆ ಒಂದು ಕೆಂಪು ಗೀರು. ಆವತ್ತಿನಿಂದ ವಾಚ್ ಮಲಗೋ ಕೋಣೆಗೇ ಬರಲಿಲ್ಲ. ಮನೆಯಲ್ಲಿ ಚಿಕ್ಕ ಮಗು ಇದ್ದರೆ ಎರಡನೇ ಯೋಚನೆ ಬೇಡ, ಬಿಚ್ಚಿಡಿ.

ನಿಮ್ಮ ತುರಿಕೆಗೆ ಬರೋಣ. ಹಗಲಿನ ಬೆವರು, ಸೋಪು, ಸತ್ತ ಚರ್ಮ ಎಲ್ಲಾ ಬ್ರೇಸ್ಲೆಟ್ ಕೊಂಡಿಗಳ ನಡುವೆ ಕೂತಿರುತ್ತೆ, ರಾತ್ರಿಯೂ ಚರ್ಮಕ್ಕೆ ಗಾಳಿ ಇಲ್ಲ ಅಂದರೆ ತುರಿಕೆ ಬರದೆ ಇನ್ನೇನು? ಕ್ರೌನ್ (ಪಕ್ಕದಲ್ಲಿರೋ ಕೀ ಕೊಡೋ ಗುಂಡಿ) ಬಿಗಿಯಾಗಿ ತಿರುಗಿಸಿದೆಯಾ ನೋಡಿಕೊಂಡು, ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಸೋಪು ಹಾಕಿ, ಮೆತ್ತನೆ ಹಲ್ಲುಜ್ಜೋ ಬ್ರಶ್‌ನಲ್ಲಿ ಉಜ್ಜಿ. ಬರೋ ಕಪ್ಪು ನೀರು ನೋಡಿದರೆ ನಿಮಗೇ ಗೊತ್ತಾಗುತ್ತೆ. ತೊಳೆದ ಮೇಲೂ ಹೋಗಲಿಲ್ಲ ಅಂದರೆ ಚರ್ಮದ ಡಾಕ್ಟರಿಗೆ ತೋರಿಸಿ, ಸ್ಟೀಲಿನಲ್ಲಿ ನಿಕಲ್ ಇರುತ್ತೆ, ಕೆಲವರಿಗೆ ಅದು ಆಗಲ್ಲ.

ಹಳೇ_ಡಯಲ್:

ಇನ್ನೊಂದು ಮಾತು, ಪ್ರಶ್ನೆ ಕೇಳಿದವರಿಗಲ್ಲ, ಅಜ್ಜನ ಕಾಲದ ವಾಚ್ ಇಟ್ಟುಕೊಂಡವರಿಗೆ. ಕತ್ತಲಲ್ಲಿ ಹೊಳೆಯೋಕೆ ಆಗೆಲ್ಲ ಮುಳ್ಳಿಗೆ ವಿಕಿರಣ ಸೂಸೋ ರೇಡಿಯಂ ಬಳಿಯುತ್ತಿದ್ದರು. ಈಗ ಅದು ಹೊಳೆಯಲ್ಲ, ಹಾಗಂತ ರೇಡಿಯಂ ಹೋಗಿಲ್ಲ. ಅದು ಅರ್ಧ ಆಗೋಕೇ 1,600 ವರ್ಷ ಬೇಕು. ಸವೆದಿರೋದು ಜೊತೆಗೆ ಬೆರೆಸಿದ್ದ ಹೊಳೆಯೋ ಪುಡಿ. ಅಂಥ ವಾಚನ್ನು ಕಟ್ಟಿಕೊಂಡು ಮಲಗೋದು, ದಿಂಬಿನ ಕೆಳಗೆ ಇಡೋದು ಬೇಡ, ಮುಚ್ಚಳವಂತೂ ಮನೆಯಲ್ಲಿ ತೆಗೆಯಲೇಬೇಡಿ. ಹೊಸ ಒಮೆಗಾದಲ್ಲಿರೋದು ಸೂಪರ್ ಲುಮಿನೋವಾ, ಬೆಳಕು ಕುಡಿದು ಆಮೇಲೆ ಬಿಡುತ್ತೆ, ಅದರಿಂದ ಏನೂ ಭಯ ಇಲ್ಲ.

ಎರಡೂವರೆ_ಗಂಟೆ:

ಎಲ್ಲರಿಗೂ ಥ್ಯಾಂಕ್ಸ್. ಬ್ರೇಸ್ಲೆಟ್ ತೊಳೆದೆ, ಅಮ್ಮ ಹೇಳಿದ ಹಾಗೇ ನೀರು ಕಪ್ಪಗೆ ಬಂತು. ನಿನ್ನೆ ರಾತ್ರಿ ಬಿಚ್ಚಿಟ್ಟೆ, ತುರಿಕೆ ಸ್ವಲ್ಪ ಕಡಿಮೆ. ಆದರೆ ಎರಡೂವರೆಗೆ ಕತ್ತಲಲ್ಲಿ ತಡಕಾಡಿದೆ.

ಕೀ_ಕೊಡುವವ:

ರಾತ್ರಿಗೆ ಒಂದು ಕ್ಯಾಸಿಯೋ ಎಫ್-91ಡಬ್ಲ್ಯೂ ತಗೊಳ್ಳಿ. ಬರೀ 21 ಗ್ರಾಂ, ಕಟ್ಟಿಕೊಂಡಿದ್ದೇ ಗೊತ್ತಾಗಲ್ಲ. ಗುಂಡಿ ಒತ್ತಿದರೆ ಸಣ್ಣ ಲೈಟ್ ಬರುತ್ತೆ. ಎಲ್ಲಕ್ಕಿಂತ ಮುಖ್ಯವಾಗಿ ಅದರಲ್ಲಿ ಅಲಾರಂ ಇದೆ, ನಿಮ್ಮ ಸೀಮಾಸ್ಟರಲ್ಲಿ ಇಲ್ಲ. ಅಪ್ಪನ ಮಾತ್ರೆ ನಿಮ್ಮ ಎಚ್ಚರವನ್ನೇ ನಂಬಿಕೊಂಡು ಇರಬಾರದು ಅಲ್ವಾ?

ಸೀಮಾಸ್ಟರನ್ನು ಬಟ್ಟೆ ಮೇಲೆ ಡಯಲ್ ಮೇಲ್ಮುಖ ಮಾಡಿ ಒಂದು ವಾರ ಇಡಿ, ಇನ್ನೊಂದು ವಾರ ಪಕ್ಕಕ್ಕೆ, ಕ್ರೌನ್ ಮೇಲಿರೋ ಹಾಗೆ ನಿಲ್ಲಿಸಿ ಇಡಿ. ಪ್ರತಿ ಬೆಳಗ್ಗೆ ಎಷ್ಟು ಸೆಕೆಂಡ್ ಮುಂದೆ ಅಥವಾ ಹಿಂದೆ ಹೋಗಿದೆ ಬರೆದುಕೊಳ್ಳಿ. ಇಟ್ಟ ರೀತಿಗೆ ತಕ್ಕ ಹಾಗೆ ವಾಚಿನ ಓಟ ಸ್ವಲ್ಪ ಬದಲಾಗುತ್ತೆ, ಒಂದೊಂದು ವಾಚಿಗೂ ಇದು ಬೇರೆ ಬೇರೆ. ಹಗಲು ಎರಡು ಸೆಕೆಂಡ್ ಮುಂದೆ ಹೋಗೋದನ್ನ ರಾತ್ರಿ ಮಲಗಿಸೋ ರೀತಿಯಲ್ಲೇ ಸರಿ ಮಾಡಬಹುದು.

ಎರಡೂವರೆ_ಗಂಟೆ:

ಕ್ಯಾಸಿಯೋ ಆರ್ಡರ್ ಮಾಡಿದೆ. ಡಯಲ್ ಮೇಲ್ಮುಖ ಇಟ್ಟಾಗ ಮೊದಲ ರಾತ್ರಿ ಒಂದು ಸೆಕೆಂಡ್ ಮುಂದೆ. ವಾರ ಆದಮೇಲೆ ಪೂರ್ತಿ ಲೆಕ್ಕ ಹಾಕ್ತೀನಿ.