ವಿದ್ಯುತ್ ಆರಿಸಿ ಹಾಕಿದ ಮೇಲೆ 12 ಡಿಸ್ಕ್‌ಗಳ ಅರೇಯಲ್ಲಿ 4 ಡಿಸ್ಕ್ ಕಾಣಿಸುತ್ತಿಲ್ಲ

ಪ್ರಶ್ನೆ:

ಯುಪಿಎಸ್ ಬ್ಯಾಟರಿ ಬದಲಿಸುವ ಸಲುವಾಗಿ ನಮ್ಮ ಸರ್ವರ್ ಕೊಠಡಿಯ ಯಂತ್ರಗಳನ್ನೆಲ್ಲ ಕ್ರಮಬದ್ಧವಾಗಿಯೇ ಆರಿಸಲಾಗಿತ್ತು. ಮರಳಿ ಚಾಲೂ ಮಾಡಿದಾಗಿನಿಂದ, ಲಿನಕ್ಸ್ ಸರ್ವರಿಗೆ ಹೊರಗಿನಿಂದ ಜೋಡಿಸಿರುವ 12 ಡಿಸ್ಕ್‌ಗಳ ಪೆಟ್ಟಿಗೆಯಲ್ಲಿ 8 ಮಾತ್ರ ಕಾಣಿಸುತ್ತಿವೆ. 9ರಿಂದ 12ರವರೆಗಿನ ಸ್ಲಾಟುಗಳಲ್ಲಿ ಡಿಸ್ಕೇ ಇಲ್ಲವೇನೋ ಎಂಬಂತಿದೆ. ಇದು ಸಾಫ್ಟ್‌ವೇರ್ ರೇಡ್ 6 ಅರೇ, ಅಂದರೆ ಹಲವು ಡಿಸ್ಕ್‌ಗಳನ್ನು ಲಿನಕ್ಸೇ ಒಂದಾಗಿ ನಡೆಸುವ ಗುಂಪು. ಎರಡು ಡಿಸ್ಕ್ ಹೋದರೆ ತಾಳಿಕೊಳ್ಳುತ್ತದೆ, ನಾಲ್ಕು ಹೋದರೆ ಏಳುವುದಿಲ್ಲ. ಹಾಗಾಗಿ ಸ್ಥಿತಿ ‘ಇನ್‌ಆಕ್ಟಿವ್’ ಎಂದು ತೋರಿಸುತ್ತಿದ್ದು, ಸರ್ವರ್ ಕೂಡ ಬೂಟ್ ಆಗುವಾಗ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತಿದೆ. ಪೆಟ್ಟಿಗೆಯೊಳಗೆ ಎಕ್ಸ್‌ಪ್ಯಾಂಡರ್ (ಒಂದು ಸಂಪರ್ಕವನ್ನು ಹಲವು ಡಿಸ್ಕ್‌ಗಳಿಗೆ ಹಂಚುವ ಸಾಧನ) ಇಲ್ಲ. ಡಿಸ್ಕ್ ಜೋಡಿಸುವ ಮೂರು ಸ್ಯಾಸ್ ಕೇಬಲ್‌ಗಳು ಸರ್ವರಿನ ಎರಡು ಎಚ್‌ಬಿಎ (ಡಿಸ್ಕ್ ಸಂಪರ್ಕದ) ಕಾರ್ಡ್‌ಗಳಿಗೆ ನೇರವಾಗಿ ಹೋಗುತ್ತವೆ. ನಿರ್ವಹಣೆಯ ಗುತ್ತಿಗೆ ಪಡೆದವರು ಫೋನಿನಲ್ಲಿ ‘ಅರೇಯನ್ನು ಹೊಸದಾಗಿ ಕ್ರಿಯೇಟ್ ಮಾಡಿ, ಡೇಟಾ ಹಾಗೆಯೇ ಬರುತ್ತದೆ’ ಎನ್ನುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ 1:

ದಯವಿಟ್ಟು ಮಾಡಬೇಡಿ. ಕ್ರಿಯೇಟ್ ಆದೇಶವು ಪ್ರತಿ ಡಿಸ್ಕಿನ ಸೂಪರ್‌ಬ್ಲಾಕನ್ನೂ (ಡಿಸ್ಕ್ ಯಾವ ಅರೇಗೆ ಸೇರಿದ್ದು, ಅದರಲ್ಲಿ ಅದರ ಸ್ಥಾನ ಯಾವುದು ಎಂಬ ಮಾಹಿತಿ) ಹೊಸದಾಗಿ ಬರೆಯುತ್ತದೆ. ಡಿಸ್ಕ್‌ಗಳ ಕ್ರಮ, ಚಂಕ್ ಗಾತ್ರ (ಡಿಸ್ಕ್‌ಗಳಿಗೆ ಹಂಚುವ ಡೇಟಾ ತುಣುಕಿನ ಗಾತ್ರ), ಡೇಟಾ ಆರಂಭವಾಗುವ ಜಾಗ ಇವುಗಳಲ್ಲಿ ಒಂದು ತಪ್ಪಿದರೂ ಕಡತವ್ಯವಸ್ಥೆ ಕಲಸುಮೇಲೋಗರವಾಗುತ್ತದೆ. ಅದರಲ್ಲೂ ಡೇಟಾ ಆರಂಭದ ಜಾಗ ಎಂಡಿಎಡಿಎಂನ (ಲಿನಕ್ಸಿನಲ್ಲಿ ರೇಡ್ ಅರೇಗಳನ್ನು ನಿರ್ವಹಿಸುವ ಉಪಕರಣ) ಆವೃತ್ತಿಯಿಂದ ಆವೃತ್ತಿಗೆ ಬದಲಾಗಿರುವುದರಿಂದ, ಹಳೆಯ ಅರೇಯ ಲೆಕ್ಕ ಇಂದಿನ ಡೀಫಾಲ್ಟ್‌ಗೆ ಹೊಂದುತ್ತದೆಂಬ ಖಾತರಿಯೇ ಇಲ್ಲ. ಬೇರೆಲ್ಲ ದಾರಿಗಳೂ ಮುಚ್ಚಿದಾಗ, ಡಿಸ್ಕ್‌ಗಳ ಪ್ರತಿ ತೆಗೆದಿಟ್ಟುಕೊಂಡ ಮೇಲೆ ಯೋಚಿಸಬೇಕಾದ ಉಪಾಯವನ್ನು ಫೋನಿನಲ್ಲಿ ಇಷ್ಟು ಹಗುರವಾಗಿ ಹೇಳಿದ್ದು ಸರಿಯಲ್ಲ.

ನೀವು ಕೊಟ್ಟ ವಿವರದಲ್ಲಿಯೇ ಸುಳಿವಿದೆ. ಅಕ್ಕಪಕ್ಕದ ನಾಲ್ಕು ಡಿಸ್ಕ್‌ಗಳು ಒಟ್ಟಿಗೆ ಸಾಯುವುದು ತೀರಾ ಅಪರೂಪ. ಆದರೆ ಒಂದು ಹೊರ ಸ್ಯಾಸ್ ಕೇಬಲಿನಲ್ಲಿ ಇರುವುದು ಸರಿಯಾಗಿ ನಾಲ್ಕು ಲೇನ್‌ಗಳು, ಅಂದರೆ ಡೇಟಾ ಸಾಗುವ ಪ್ರತ್ಯೇಕ ದಾರಿಗಳು. ಎಕ್ಸ್‌ಪ್ಯಾಂಡರ್ ಇದ್ದಿದ್ದರೆ ಒಂದು ಲೇನ್ ಉಳಿದರೂ ಹನ್ನೆರಡೂ ಕಾಣಿಸುತ್ತಿದ್ದವು, ವೇಗ ಮಾತ್ರ ಕುಸಿಯುತ್ತಿತ್ತು. ನಿಮ್ಮಲ್ಲಿ ಲೇನಿಗೊಂದು ಡಿಸ್ಕ್ ಇರುವುದರಿಂದ ಕೇಬಲ್ ಹೋದರೆ ನಾಲ್ಕೂ ಹೋಗುತ್ತವೆ.

ಸರ್ವರನ್ನೂ ಪೆಟ್ಟಿಗೆಯನ್ನೂ ಆರಿಸಿ, ಎರಡನೆಯ ಮತ್ತು ಮೂರನೆಯ ಕೇಬಲ್‌ಗಳನ್ನು ಪೆಟ್ಟಿಗೆಯ ತುದಿಯಲ್ಲಿ ಮಾತ್ರ ಅದಲುಬದಲು ಮಾಡಿ ನೋಡಿ. ಈಗ 5ರಿಂದ 8ರವರೆಗಿನ ಡಿಸ್ಕ್‌ಗಳು ಕಾಣೆಯಾದರೆ ದೋಷ ಕೇಬಲ್ಲಿನಲ್ಲಿದೆ ಅಥವಾ ಕಾರ್ಡಿನ ಪೋರ್ಟಿನಲ್ಲಿದೆ. 9ರಿಂದ 12 ಹಾಗೆಯೇ ಕಾಣೆಯಾಗಿದ್ದರೆ ಬ್ಯಾಕ್‌ಪ್ಲೇನ್ (ಪೆಟ್ಟಿಗೆಯೊಳಗೆ ಡಿಸ್ಕ್‌ಗಳು ಕೂರುವ ಫಲಕ) ಕಡೆ ನೋಡಬೇಕು. ಎಂಡಿಎಡಿಎಂ ಡಿಸ್ಕ್‌ಗಳನ್ನು ಸ್ಲಾಟಿನಿಂದಲ್ಲ, ಸೂಪರ್‌ಬ್ಲಾಕಿನ ಯುಯುಐಡಿಯಿಂದ (ವಿಶಿಷ್ಟ ಗುರುತು ಸಂಖ್ಯೆ) ಗುರುತಿಸುವುದರಿಂದ ಈ ಅದಲುಬದಲಿನಿಂದ ಅರೇಗೆ ತೊಂದರೆಯಿಲ್ಲ.

ಉತ್ತರ 2:

ಮೇಲಿನ ತರ್ಕವನ್ನು ಒಪ್ಪುತ್ತೇನೆ, ಆದರೆ ಕೇಬಲಿಗೆ ಕೈಹಾಕುವ ಮುನ್ನ ವಿದ್ಯುತ್ತಿನ ಕಡೆಗೂ ಒಮ್ಮೆ ನೋಡುವುದು ಒಳ್ಳೆಯದು. ಮೂರೂವರೆ ಇಂಚಿನ ಡಿಸ್ಕ್ ತಿರುಗಲು ಆರಂಭಿಸುವಾಗ 12 ವೋಲ್ಟಿನ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಒಮ್ಮೆ ವೇಗ ಹಿಡಿದ ಮೇಲೆ ಅದರ ಬೇಡಿಕೆ ಅದಕ್ಕಿಂತ ಬಹಳ ಕಡಿಮೆ. ಹನ್ನೆರಡೂ ಒಟ್ಟಿಗೆ ಹೊರಟರೆ ಹತ್ತಿರ ಹತ್ತಿರ 300 ವ್ಯಾಟ್ ಬೇಕು. ಎರಡು ಪವರ್ ಸಪ್ಲೈಗಳಲ್ಲಿ ಒಂದು ಸದ್ದಿಲ್ಲದೆ ಕೆಟ್ಟಿದ್ದರೆ, ವರ್ಷಗಟ್ಟಲೆ ಆರದೆ ಓಡಿದ ಪೆಟ್ಟಿಗೆಯಲ್ಲಿ ಅದು ಬಯಲಾಗುವುದು ಇಂತಹ ಮರುಚಾಲನೆಯ ದಿನವೇ. ಕಾಣೆಯಾದ ಡಿಸ್ಕ್‌ಗಳ ಟ್ರೇ ಹಿಡಿಕೆಯ ಮೇಲೆ ಬೆರಳಿಟ್ಟು, ಪಕ್ಕದ ಡಿಸ್ಕಿನದಕ್ಕೆ ಹೋಲಿಸಿ. ಸಣ್ಣ ಕಂಪನ ಸಿಕ್ಕರೆ ಡಿಸ್ಕ್ ತಿರುಗುತ್ತಿದೆ, ವಿದ್ಯುತ್ ತಲುಪಿದೆ ಎಂದರ್ಥ.

ಚಾಲೂ ಮಾಡುವ ಕ್ರಮವೂ ಮುಖ್ಯ: ಮೊದಲು ಪೆಟ್ಟಿಗೆ, ಡಿಸ್ಕ್‌ಗಳೆಲ್ಲ ವೇಗ ಹಿಡಿದ ಮೇಲೆ ಸರ್ವರ್, ಆರಿಸುವಾಗ ಮೊದಲು ಸರ್ವರ್.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ನಾಲ್ಕೂ ಡಿಸ್ಕ್‌ಗಳು ತಿರುಗುತ್ತಿದ್ದವು, ಎರಡೂ ಪವರ್ ಸಪ್ಲೈಗಳ ದೀಪ ಹಸಿರಾಗಿತ್ತು. ಕೇಬಲ್ ಅದಲುಬದಲು ಮಾಡಿದಾಗ ದೋಷ 5ರಿಂದ 8ಕ್ಕೆ ಸರಿಯಿತು. ಕಾರ್ಡಿನ ತುದಿಯಲ್ಲಿ ನೋಡಿದರೆ, ಯುಪಿಎಸ್ ಕೆಲಸದವರು ರ್‍ಯಾಕಿನ ಹಿಂದೆ ತಂತಿಗಳನ್ನು ಒತ್ತಾಗಿ ಕಟ್ಟಿದ್ದರಿಂದ ಆ ಕೇಬಲ್ ಬಾಗಿ, ಕನೆಕ್ಟರಿನ ಕೊಂಡಿ ಒಂದು ಬದಿಯಲ್ಲಿ ಎದ್ದು ನಿಂತಿತ್ತು. ದಾಸ್ತಾನಿನಲ್ಲಿದ್ದ ಬೇರೆ ಕೇಬಲ್ ಹಾಕಿದ ಮೇಲೆ ಹನ್ನೆರಡೂ ಡಿಸ್ಕ್ ಕಾಣಿಸುತ್ತಿವೆ. ಅರೇ ಇನ್ನೂ ಎದ್ದಿಲ್ಲ; ಮುಂದೇನು ಮಾಡಲಿ?

ಉತ್ತರ 1:

ಮೊದಲು ಎಕ್ಸಾಮಿನ್ ಆದೇಶದಿಂದ ಹನ್ನೆರಡೂ ಡಿಸ್ಕ್‌ಗಳ ಈವೆಂಟ್ ಸಂಖ್ಯೆಯನ್ನು (ಅರೇಯ ಸ್ಥಿತಿ ಬದಲಾದಂತೆ ಏರುವ ಎಣಿಕೆ) ನೋಡಿ. ಅರೇ ಓಡುತ್ತಿದ್ದಾಗ ಡಿಸ್ಕ್ ಕಳಚಿದ್ದರೆ ಈ ಸಂಖ್ಯೆಗಳು ಬೇರೆಬೇರೆಯಾಗುತ್ತವೆ. ನಿಮ್ಮ ಅರೇ ಆರಿಸಿದ ನಂತರ ಏಳಲೇ ಇಲ್ಲವಾದ್ದರಿಂದ ಅವೆಲ್ಲ ಒಂದೇ ಇರಬೇಕು. ಹಾಗಿದ್ದರೆ ಅರ್ಧಕ್ಕೆ ನಿಂತಿರುವ ಅರೇಯನ್ನು ಸ್ಟಾಪ್ ಮಾಡಿ, ರೀಡ್‌ಓನ್ಲಿ (ಓದಲು ಮಾತ್ರ) ಆಯ್ಕೆಯೊಡನೆ ಅಸೆಂಬಲ್ ಮಾಡಿ, ಅಂದರೆ ಇರುವ ಸೂಪರ್‌ಬ್ಲಾಕ್‌ಗಳ ಆಧಾರದ ಮೇಲೆಯೇ ಮತ್ತೆ ಜೋಡಿಸಿ. ಫೋರ್ಸ್ (ಬಲವಂತದ) ಆಯ್ಕೆ ಬೇಕಾಗುವುದಿಲ್ಲ; ಬೇಕೆಂದು ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಬಂದ ಸಂದೇಶವನ್ನು ಇಲ್ಲಿ ಹಾಕಿ. ಕಡತಗಳನ್ನು ಓದಿ ನೋಡಿದ ಮೇಲೆಯೇ ಬರೆಯಲು ಬಿಡಿ.

ಉತ್ತರ 2:

ಹೊಸ ಕೇಬಲನ್ನೂ ಕಣ್ಣುಮುಚ್ಚಿ ನಂಬಬೇಡಿ. ಸಿಸ್ ಕಡತಕೋಶದ (ಲಿನಕ್ಸ್ ಯಂತ್ರಾಂಶದ ವಿವರ ತೋರಿಸುವ ಜಾಗ) ಸ್ಯಾಸ್-ಫೈ ವಿಭಾಗದಲ್ಲಿ ಪ್ರತಿ ಲೇನಿಗೂ ಒಪ್ಪಂದವಾದ ವೇಗ ಹಾಗೂ ಅಮಾನ್ಯ ಡಿವರ್ಡ್‌ಗಳ (ಕೆಟ್ಟು ಬಂದ ಡೇಟಾ ತುಣುಕುಗಳ) ಎಣಿಕೆ ಸಿಗುತ್ತದೆ. 6 ಗಿಗಾಬಿಟ್ ಇರಬೇಕಾದ ಲೇನ್ 3ಕ್ಕೆ ಇಳಿದಿದ್ದರೆ, ಅಥವಾ ದೊಡ್ಡ ಕಡತವೊಂದನ್ನು ಓದುವಾಗ ಎಣಿಕೆ ಏರುತ್ತಲೇ ಹೋದರೆ, ಆ ಸಂಪರ್ಕ ಇನ್ನೂ ಸರಿಯಿಲ್ಲ. ಚಾಲೂ ಮಾಡಿದ ಕ್ಷಣದಲ್ಲಿ ಬಂದು ನಿಂತುಹೋದ ಎಣಿಕೆಗೆ ಗಾಬರಿಯಾಗಬೇಕಿಲ್ಲ.

ಬೂಟ್ ನಿಲ್ಲುವ ವಿಷಯ ಬೇರೆ. ಬೂಟ್ ಆಗುವಾಗ ಯಾವ ಡಿಸ್ಕ್‌ಗಳನ್ನು ಮೌಂಟ್ ಮಾಡಬೇಕು (ಬಳಕೆಗೆ ಜೋಡಿಸಬೇಕು) ಎಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಈ ಅರೇಯ ಸಾಲಿಗೆ ‘ನೋಫೇಲ್’ ಸೇರಿಸಿದರೆ, ಪೆಟ್ಟಿಗೆ ಸಿಗದಿದ್ದರೂ ಸರ್ವರ್ ಮೇಲೇಳುತ್ತದೆ, ನೀವು ದೂರದಿಂದಲೇ ಲಾಗಿನ್ ಆಗಿ ಪರಿಶೀಲಿಸಬಹುದು. ಆದರೆ ಅರೇಯ ಮೇಲೆ ಬರೆಯುವ ಸೇವೆಗಳು ಮೌಂಟ್ ಆಗದ ಖಾಲಿ ಕಡತಕೋಶಕ್ಕೆ ಬರೆದು ಮೂಲ ಡಿಸ್ಕನ್ನು ತುಂಬಿಸದಂತೆ, ಅವುಗಳನ್ನು ಆ ಮೌಂಟಿಗೆ ಅವಲಂಬಿತವಾಗಿಸಿಬಿಡಿ.