ಗೂಡ್ಸ್ ರೈಲನ್ನು ಕೊಂದದ್ದು ಯಾರು?

ಅಣ್ಣ: (ಫಾರ್ವರ್ಡ್) "ಗೂಡ್ಸ್ ರೈಲನ್ನು ಕೊಂದ ಲಾರಿ ಮಾಲೀಕ!! 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಮ್ ಮೆಕ್ಲೀನ್ 58 ಕಂಟೇನರ್‌ಗಳನ್ನು ಹಡಗಿಗೆ ಹೇರಿ ನ್ಯೂಆರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಅಲ್ಲಿಗೆ ರೈಲ್ವೆ ಕಥೆ ಮುಗಿಯಿತು."

ದೊಡ್ಡಪ್ಪ: ತಾರೀಕು ಸರಿ. 58 ಸರಿ. ಕೊಂದದ್ದು ಸುಳ್ಳು.

ಅಣ್ಣ: ನೀವು ರೈಲ್ವೆಯವರು, ಬಿಟ್ಟುಕೊಡೋದಿಲ್ಲ ಬಿಡಿ 😀 ಲೆಕ್ಕ ನೋಡಿ. ಬಿಡಿ ಸರಕು ಹಡಗಿಗೆ ತುಂಬಲು ಆಗ ಟನ್ನಿಗೆ 5.86 ಡಾಲರ್. ಅವನ ಕಂಟೇನರ್ ಪೆಟ್ಟಿಗೆಯಲ್ಲಿ ಬರೀ 16 ಸೆಂಟ್!

ದೊಡ್ಡಪ್ಪ: ಅದು ಬಂದರಿನ ಲೆಕ್ಕ ಕಣೋ. ಏಟು ಬಿದ್ದದ್ದು ಬಂದರಿನ ಹಮಾಲರಿಗೆ. ರೈಲ್ವೆಯವರ ಹತ್ತಿರ ಪೆಟ್ಟಿಗೆ ಮೊದಲೇ ಇತ್ತು. ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆ 1921ರಲ್ಲೇ ಉಕ್ಕಿನ ಪೆಟ್ಟಿಗೆ ಸಾಗಿಸಿತ್ತು.

ನಾನು: ಮತ್ತೆ ಯಾಕೆ ನಡೆಯಲಿಲ್ಲ ದೊಡ್ಡಪ್ಪ?

ದೊಡ್ಡಪ್ಪ: ಒಳಗೆ ಏನಿದ್ದರೂ ಪೆಟ್ಟಿಗೆಗೆ ಇಷ್ಟು ಅನ್ನುವುದೇ ಅದರ ಸೊಗಸು. 1931ರಲ್ಲಿ ಅಲ್ಲಿನ ಸರ್ಕಾರಿ ಆಯೋಗ ಒಳಗಿನ ಸರಕು ನೋಡಿಯೇ ದರ ಹಾಕಿ ಎಂದಿತು. ಆಮೇಲೆ ಪೆಟ್ಟಿಗೆ ಯಾರಿಗೆ ಬೇಕು?

ಅತ್ತೆ: ಗೃಹಪ್ರವೇಶದ ಮೆಸೇಜ್ ಎಲ್ಲೋ ಮೇಲೆ ಹೋಯ್ತು. ಎಲ್ಲರೂ ಅದನ್ನು ಮೊದಲು ನೋಡಿ 🙏

ಅಣ್ಣ: ಹೇಗೋ, ಲಾರಿ ಗೆದ್ದಿತು ತಾನೆ?

ದೊಡ್ಡಪ್ಪ: ಹತ್ತಿರಕ್ಕೆ ಗೆದ್ದಿತು. ದೂರಕ್ಕೆ? 1977ರಲ್ಲಿ ಸದರ್ನ್ ಪೆಸಿಫಿಕ್ ರೈಲ್ವೆ ಒಂದರ ಮೇಲೊಂದು ಪೆಟ್ಟಿಗೆ ಇಡುವ ತಗ್ಗು ವ್ಯಾಗನ್ ಮಾಡಿಸಿತು. ಜೊತೆಗಿದ್ದವರು ಯಾರು ಗೊತ್ತಾ? ನಿನ್ನ ಮೆಕ್ಲೀನ್ ಕಟ್ಟಿದ ಹಡಗು ಕಂಪನಿ ಸೀ-ಲ್ಯಾಂಡ್! 1984ರಿಂದ ಅಂಥ ರೈಲುಗಳು ಲಾಸ್ ಏಂಜಲೀಸ್‌ನಿಂದ ಷಿಕಾಗೊಗೆ ಓಡತೊಡಗಿದವು. ಏಷ್ಯಾದ ಎಷ್ಟೋ ಸರಕು ಪನಾಮಾ ಕಾಲುವೆ ಸುತ್ತಿ ಹೋಗುವುದು ತಪ್ಪಿತು. ಕೊಂದವನು ಹೀಗೆ ಮಾಡ್ತಾನಾ?

ಭಾವ: ನಮ್ಮಲ್ಲೂ ಇದೆ. 2021ರ ಜನವರಿಯಲ್ಲಿ ಹರಿಯಾಣದ ನ್ಯೂ ಅಟೇಲಿಯಿಂದ ಬಿಟ್ಟರಲ್ಲ, ಒಂದೂವರೆ ಕಿಲೋಮೀಟರ್ ಉದ್ದದ್ದು. ಅದೂ ಕರೆಂಟ್ ಇಂಜಿನ್‌ನಲ್ಲಿ.

ದೊಡ್ಡಪ್ಪ: ಹೌದು, ಅದಕ್ಕೆ ತಂತಿಯನ್ನೇ ಎತ್ತರಕ್ಕೆ ಕಟ್ಟಿದ್ದಾರೆ. ನಮ್ಮ ಬ್ರಾಡ್‌ಗೇಜ್ ಅಗಲ ನೋಡು, ತಗ್ಗು ವ್ಯಾಗನ್ ಬೇಕಿಲ್ಲ. ಸಪಾಟು ವ್ಯಾಗನ್ ಮೇಲೇ ಎರಡು ನಿಲ್ಲುತ್ತವೆ. ಇನ್ನೊಂದು ಹೇಳ್ತೀನಿ. ಬಂದರಿನಿಂದ ದೂರದಲ್ಲೇ ಪೆಟ್ಟಿಗೆ ತುಂಬಿ ಕಳಿಸುವ ಜಾಗ, ಅಂದರೆ ಒಳನಾಡು ಕಂಟೇನರ್ ಡಿಪೋ, ದೇಶದಲ್ಲಿ ಮೊದಲು ಬಂದದ್ದು ನಮ್ಮ ಬೆಂಗಳೂರಿಗೆ, 1981ರಲ್ಲಿ.

ಅಣ್ಣ: ಎಲ್ಲ ಸರಿ. ನಮ್ಮೂರಿನ ಗೂಡ್ಸ್ ಶೆಡ್‌ನಲ್ಲಿ ಈಗ ಆಡು ಮಲಗುತ್ತವೆ. ತಾತ ಅಲ್ಲಿಂದ ನಾಲ್ಕೇ ಮೂಟೆ ಬ್ಯಾಡಗಿ ಮೆಣಸಿನಕಾಯಿ ಕಳಿಸುತ್ತಿದ್ದರು ಎಂದವರು ನೀವೇ.

ದೊಡ್ಡಪ್ಪ: ಹೌದು. ಮೀರಜ್‌ನಲ್ಲಿ ಮೀಟರ್‌ಗೇಜ್‌ನಿಂದ ಇಳಿಸಿ ಬ್ರಾಡ್‌ಗೇಜ್‌ಗೆ ಹೊತ್ತು ಹಾಕಬೇಕಿತ್ತು. ಅಷ್ಟರಲ್ಲಿ ಒಂದೆರಡು ಮೂಟೆ ಹರಿಯುತ್ತಿತ್ತು. ಆಮೇಲೆ ಬಿಡಿ ಮೂಟೆ ಬೇಡ, ಇಡೀ ರೇಕ್, ಅಂದರೆ ಒಂದು ರೈಲಿನಷ್ಟು ವ್ಯಾಗನ್, ತುಂಬಿಸಿ ಎನ್ನುವ ಕಾಲ ಬಂತು. ಶೆಡ್ ಖಾಲಿಯಾದದ್ದು ಅದರಿಂದ. ಪೆಟ್ಟಿಗೆಯಿಂದ ಅಲ್ಲ.

ಅಣ್ಣ: ಪೆಟ್ಟಿಗೆ ಬಂದ ಮೇಲಾದರೂ ತಾತನ ನಾಲ್ಕು ಮೂಟೆಗೆ ಜಾಗ ಸಿಕ್ಕಿತಾ?

ದೊಡ್ಡಪ್ಪ: ಸಿಗುತ್ತೆ. ಡಿಪೋದಲ್ಲಿ ಹತ್ತು ಜನರ ಸರಕು ಸೇರಿಸಿ ಒಂದು ಪೆಟ್ಟಿಗೆ ತುಂಬುತ್ತಾರೆ.

ಅಣ್ಣ: ನಮ್ಮೂರಿಂದ ಡಿಪೋಗೆ ಹೇಗೆ ಒಯ್ಯೋದು?

ದೊಡ್ಡಪ್ಪ: ಲಾರಿಯಲ್ಲಿ.

ಅಣ್ಣ: 😂😂😂

ಅತ್ತೆ: ಗೃಹಪ್ರವೇಶಕ್ಕೆ ಎಷ್ಟು ಜನ ಬರ್ತೀರಿ ಅಂತ ಇನ್ನೂ ಯಾರೂ ಹೇಳಿಲ್ಲ.